ಕೃಷಿಹೊಂಡಕ್ಕೆ ಆಟೋ ಫೀಡರ್: ಮೂರು ಬೆಳೆ ಮೀನು ತೆಗೆದ ಮೇಲೆ ನನ್ನ ಅನುಭವ

ನಮ್ಮದು ತುರುವೇಕೆರೆ ತಾಲ್ಲೂಕು. ತೆಂಗಿನ ತೋಟದ ಮೂಲೆಯಲ್ಲಿ ಒಂದು ಕೃಷಿಹೊಂಡ ಇದೆ. 2016ರಲ್ಲಿ ಕೃಷಿ ಭಾಗ್ಯ ಯೋಜನೆಯಲ್ಲಿ ತೆಗೆಸಿದ್ದು. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕು ಗುಂಟೆಗೆ ಸ್ವಲ್ಪ ಜಾಸ್ತಿ ನೀರು. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ನೀರು ಮೊದಲು ತೋಟಕ್ಕೆ, ಆಮೇಲೆ ಮೀನಿಗೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಎಕರೆಗಟ್ಟಲೆ ಕೊಳ ಇಟ್ಟವರಿಗೂ ನಮ್ಮಂಥವರಿಗೂ ಆಟೋ ಫೀಡರ್, ಅಂದರೆ ಹೊತ್ತಿಗೆ ಸರಿಯಾಗಿ ಮೀನಿಗೆ ತಾನೇ ಆಹಾರ ಎರಚುವ ಯಂತ್ರದ ಲೆಕ್ಕ ಒಂದೇ ಆಗುವುದಿಲ್ಲ.

ಮೊದಲು ಮೀನು ನೋಡಿಕೊಳ್ಳುತ್ತಿದ್ದವರು ನಮ್ಮತ್ತೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಎರಡನ್ನೂ ಸಮ ಸಮ ನೆನೆಸಿ, ಉಂಡೆ ಕಟ್ಟಿ, ಮಂಕರಿಯಲ್ಲಿಟ್ಟು ಹಗ್ಗದಿಂದ ನೀರಿಗೆ ಇಳಿಸುತ್ತಿದ್ದರು. ಮಾರನೇ ದಿನ ಮಂಕರಿ ಎತ್ತಿ ನೋಡುತ್ತಿದ್ದರು. ಖಾಲಿ ಇದ್ದರೆ ಒಂದು ಉಂಡೆ ಜಾಸ್ತಿ. ಉಳಿದಿದ್ದರೆ ಒಂದು ಕಡಿಮೆ. ಅಷ್ಟೇ ಅವರ ಲೆಕ್ಕ. 2022ರಲ್ಲಿ ಅವರ ಮಂಡಿ ನೋವು ಜಾಸ್ತಿಯಾಯಿತು. ಹೊಂಡದ ಏರಿ ಹತ್ತುವುದು ಕಷ್ಟವಾಯಿತು. ನಾನು ಅಂಗನವಾಡಿ ಕಾರ್ಯಕರ್ತೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ನಾಲ್ಕೂವರೆಗೆ. ಯಜಮಾನರು ಹಾಲಿನ ವಾಹನ ಓಡಿಸುತ್ತಾರೆ. ಮೀನು ತಿನ್ನುವ ಹೊತ್ತಿನಲ್ಲಿ ಮನೆಯಲ್ಲಿ ಅತ್ತೆ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಅದಕ್ಕೇ ಆಟೋ ಫೀಡರ್ ತಂದೆವು.

ತಂದದ್ದು 20 ಕೆಜಿ ಫೀಡ್ ಹಿಡಿಯುವ ಸೋಲಾರ್ ಫೀಡರ್. ಬೆಲೆ 13,800 ರೂಪಾಯಿ ಆಯಿತು. ಮೇಲೆ ಪ್ಲಾಸ್ಟಿಕ್ ಡ್ರಮ್ಮು, ಅದರ ಕೆಳಗೆ ಒಂದು ಸಣ್ಣ ಮೋಟಾರು, ಮೋಟಾರಿಗೆ ಸಿಕ್ಕಿಸಿದ ತಿರುಗುವ ತಟ್ಟೆ. ಕಾಳು, ಅಂದರೆ ಕಾಳಿನ ಹಾಗೆ ಸಣ್ಣ ಸಣ್ಣದಾಗಿ ಮಾಡಿದ ಮೀನಿನ ಫೀಡ್, ತಟ್ಟೆ ಮೇಲೆ ಬೀಳುತ್ತದೆ, ತಟ್ಟೆ ಅದನ್ನು ನೀರಿಗೆ ಎರಚುತ್ತದೆ. 12 ವೋಲ್ಟಿನ ಬ್ಯಾಟರಿ, 20 ವಾಟಿನ ಪ್ಯಾನೆಲ್ಲು, ಒಂದು ಟೈಮರ್. ದಿನಕ್ಕೆ ಎಷ್ಟು ಸಲ, ಒಂದೊಂದು ಸಲ ಎಷ್ಟು ಸೆಕೆಂಡು ಎಂದು ಒತ್ತಿ ಕೊಟ್ಟರೆ ಆಯಿತು. ಜೋಡಿಸುವುದು ಕಷ್ಟವಿಲ್ಲ. ನಾನೂ ನನ್ನ ಮಗನೂ ಒಂದು ಭಾನುವಾರ ಮಧ್ಯಾಹ್ನ ಕೂತು ಮುಗಿಸಿದೆವು.

ಕೊಳ್ಳುವಾಗ ಯಾರೂ ಹೇಳದ ಒಂದು ವಿಷಯ ಇದೆ. ಈ ಯಂತ್ರಕ್ಕೆ ತೌಡು, ಹಿಂಡಿ ನಡೆಯುವುದಿಲ್ಲ. ಪುಡಿ ಹಾಕಿದರೆ ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ನೆನೆಸಿದ್ದಂತೂ ಹಾಕುವ ಹಾಗೇ ಇಲ್ಲ. ಅಂಗಡಿಯಲ್ಲಿ ಸಿಗುವ ತೇಲುವ ಕಾಳನ್ನೇ ಹಾಕಬೇಕು. ನಾವು ಹಾಕುವುದು 28 ಪರ್ಸೆಂಟ್ ಪ್ರೋಟೀನ್ ಇರುವ 3 ಮಿಲಿಮೀಟರ್ ಕಾಳು. ಕೆಜಿಗೆ ಹತ್ತಿರ ಹತ್ತಿರ 50 ರೂಪಾಯಿ ಬೀಳುತ್ತದೆ. ಹಾಗಾಗಿ ಫೀಡರ್ ತರುವುದೆಂದರೆ 13,800 ಒಂದು ಸಲ ಕೊಟ್ಟು ಮುಗಿಯುವ ಖರ್ಚಲ್ಲ. ಅದರ ಹಿಂದೆಯೇ ಮೂಟೆ ಮೂಟೆ ಕಾಳಿನ ಖರ್ಚೂ ಬರುತ್ತದೆ.

ನನಗೆ ಇನ್ನೊಂದು ಅನುಮಾನ ಇತ್ತು. ಕಾಟ್ಲಾ ಮೇಲುಗಡೆ ತಿನ್ನುವ ಮೀನು. ರೋಹು ನಡುವೆ ಇರುತ್ತದೆ. ಸಾಮಾನ್ಯ ಗೆಂಡೆ ತಳ ಕೆದಕುತ್ತದೆ. ತೇಲುವ ಕಾಳು ಹಾಕಿದರೆ ಗೆಂಡೆ ಉಪವಾಸ ಬೀಳುತ್ತದಲ್ವಾ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ನಮ್ಮಲ್ಲಿರುವುದು ಅಮೂರ್ ತಳಿಯ ಗೆಂಡೆ. ಹತ್ತು ದಿನದಲ್ಲಿ ಅವೂ ಮೇಲೆ ಬಂದು ತಿನ್ನುವುದನ್ನು ಕಲಿತವು. ಈಗ ಮೋಟಾರು ಗುರ್ ಅಂದ ತಕ್ಷಣ ಮೊದಲು ಬಾಯಿ ತೆರೆಯುವುದು ಅವೇ. ಆ ಸದ್ದಿಗೆ ನೀರು ಕುದಿಯುವ ಹಾಗೆ ಆಗುತ್ತದೆ. ಅದನ್ನು ನೋಡುವುದೇ ಒಂದು ಖುಷಿ. ಹುಲ್ಲುಗೆಂಡೆಗಳಿಗೆ ಮಾತ್ರ ಇವತ್ತಿಗೂ ಹಸಿ ಹುಲ್ಲು ಬೇರೆಯಾಗಿ ಹಾಕುತ್ತೇನೆ.

ಇನ್ನು ಅಳತೆ. ಫೀಡರ್ ತಂದವರು ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಪುಸ್ತಕದಲ್ಲಿ ಹತ್ತು ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಬರೆದಿರುತ್ತಾರೆ. ಅದನ್ನು ನಂಬಿ ಸುಮ್ನೆ ಬಿಡಬೇಡಿ. ನಾನು ತಟ್ಟೆಗೆ ಸುತ್ತ ಒಂದು ಗೊಬ್ಬರದ ಚೀಲ ಕಟ್ಟಿ, ಹತ್ತು ಸೆಕೆಂಡ್ ಓಡಿಸಿ, ಬಿದ್ದದ್ದನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. 3 ಮಿಲಿಮೀಟರ್ ಕಾಳು 210 ಗ್ರಾಂ ಬಂತು. 2 ಮಿಲಿಮೀಟರಿನದು 250 ಗ್ರಾಂ ಬಂತು. ಸಣ್ಣ ಕಾಳು ಬೇಗ ಜಾರುತ್ತದೆ. ಅಂದರೆ ಕಾಳಿನ ಗಾತ್ರ ಬದಲಾಯಿಸಿದಾಗಲೆಲ್ಲ ಮತ್ತೆ ತೂಗಬೇಕು. ಇದನ್ನು ಮಾಡದಿದ್ದರೆ ನಿಮಗೇ ಗೊತ್ತಿಲ್ಲದ ಹಾಗೆ ತಿಂಗಳಿಗೆ ಎಷ್ಟೋ ಕೆಜಿ ನೀರುಪಾಲಾಗುತ್ತದೆ.

ಆಮೇಲೆ ಮೀನಿನ ತೂಕ ಗೊತ್ತಿರಬೇಕು. ನಾವು ಜುಲೈನಲ್ಲಿ 400 ಮರಿ ಬಿಟ್ಟಿದ್ದೆವು. ಹದಿನೈದು ದಿನಕ್ಕೊಮ್ಮೆ ಬೀಸುಬಲೆ ಹಾಕಿ ಹತ್ತು ಹದಿನೈದು ಮೀನು ಹಿಡಿದು, ತೂಗಿ, ವಾಪಸ್ ಬಿಡುತ್ತೇವೆ. ನವೆಂಬರಿನಲ್ಲಿ ಒಂದೊಂದು ಸರಾಸರಿ 150 ಗ್ರಾಂ ಇದ್ದವು. 300 ಉಳಿದಿರಬಹುದು ಅಂತ ಹಿಡಿದರೆ 45 ಕೆಜಿ. ಅದರ ನೂರಕ್ಕೆ ಮೂರು ಪಾಲು ಅಂದರೆ ದಿನಕ್ಕೆ 1,350 ಗ್ರಾಂ ಕಾಳು. ಮೀನು ಬೆಳೆದ ಹಾಗೆ ಈ ಪಾಲು ಇಳಿಸುತ್ತಾ ಹೋಗಬೇಕು. ಕೊನೆ ತಿಂಗಳುಗಳಲ್ಲಿ ನೂರಕ್ಕೆ ಒಂದೂವರೆ ಸಾಕು. ಈ ಲೆಕ್ಕವೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇದೆ. ಅಂಗನವಾಡಿಯಲ್ಲಿ ಮಕ್ಕಳ ತೂಕ ಬರೆದು ಬರೆದು ನನಗೆ ಈ ಅಭ್ಯಾಸ ಬಂದುಬಿಟ್ಟಿದೆ.

ಅಂಗಡಿಯವರು ಟೈಮರನ್ನು ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು ಎಂದು ಇಟ್ಟು ಕೊಟ್ಟಿದ್ದರು. ನಾನೂ ಹಾಗೇ ಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದು. ಅದರ ಬೆಲೆ ಡಿಸೆಂಬರಿನಲ್ಲಿ ಕೊಟ್ಟೆ.

2022ರ ಡಿಸೆಂಬರ್ ಎರಡನೇ ವಾರ ಮಾಂಡೌಸ್ ಚಂಡಮಾರುತ ಬಂದಿತ್ತಲ್ಲ, ಮಹಾಬಲಿಪುರದ ಹತ್ತಿರ ಕರಾವಳಿಗೆ ಅಪ್ಪಳಿಸಿದ್ದು. ಅಲ್ಲಿ ಗಾಳಿ, ಇಲ್ಲಿ ನಮಗೆ ಮೋಡ, ಜಿಟಿ ಜಿಟಿ ಮಳೆ, ಮೈ ಕೊರೆಯುವ ಚಳಿ. ನಾಲ್ಕು ದಿನ ಸೂರ್ಯನ ಮುಖ ಕಾಣಲಿಲ್ಲ. ನಾನು ಆಗ ತಂಗಿ ಮನೆಗೆ ಗುಬ್ಬಿಗೆ ಹೋಗಿದ್ದೆ. ಫೀಡರ್ ಇದೆಯಲ್ಲ ಅನ್ನುವ ಧೈರ್ಯ. ಫೀಡರ್ ತನ್ನ ಕೆಲಸ ಸರಿಯಾಗಿಯೇ ಮಾಡಿತು. ದಿನಕ್ಕೆ ಮೂರು ಸಲ, ತಪ್ಪದೆ, ಅಷ್ಟಷ್ಟೇ ಕಾಳು ಎರಚಿತು. ಆದರೆ ಚಳಿಗೆ ಮೀನು ತಿನ್ನಲಿಲ್ಲ. ಕಾಳು ತೇಲಿ ತೇಲಿ, ನೆನೆದು, ತಳ ಸೇರಿ ಕೊಳೆಯಿತು.

ಐದನೇ ದಿನ ಬೆಳಗಿನ ಜಾವ ಅತ್ತೆ ಫೋನ್ ಮಾಡಿದರು. "ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇವೆ, ಬಾ" ಅಂದರು. ಮಂಡಿ ನೋವಿನಲ್ಲೂ ಅವರು ಏರಿ ಹತ್ತಿ ನೋಡಿದ್ದರು. ನಾನು ಬರುವಷ್ಟರಲ್ಲಿ ಫೀಡರಿನ ವೈರ್ ಕಿತ್ತಿದ್ದರು. ಬೋರ್‌ವೆಲ್ ಮೋಟಾರ್ ಹಾಕಿಸಿ, ಪೈಪನ್ನು ಏರಿ ಮೇಲೆ ಎತ್ತಿ ಕಟ್ಟಿಸಿ, ನೀರು ಮೇಲಿಂದ ಬೀಳುವ ಹಾಗೆ ಮಾಡಿಸಿದ್ದರು. ಹಾಗೆ ಬಿದ್ದರೆ ನೀರಿಗೆ ಗಾಳಿ ಸೇರುತ್ತದೆ. ಅವತ್ತು ಹನ್ನೊಂದು ಮೀನು ಸತ್ತವು. ಒಂಬತ್ತು ಕಾಟ್ಲಾ, ಎರಡು ರೋಹು. ಗಾಳಿ ಕಡಿಮೆಯಾದರೆ ಮೊದಲು ಸೋಲುವುದು ಕಾಟ್ಲಾ. ಆ ಹನ್ನೊಂದನ್ನು ತೆಂಗಿನ ಬುಡಕ್ಕೆ ಹೂಳುವಾಗ ನನಗೆ ತುಂಬಾ ಬೇಜಾರಾಯಿತು. ಅತ್ತೆ ಇದ್ದದ್ದರಿಂದ ಹನ್ನೊಂದಕ್ಕೆ ನಿಂತಿತು.

ಯಾಕೆ ಹೀಗಾಯಿತು ಅಂತ ಆಮೇಲೆ ಮೀನುಗಾರಿಕೆ ಇಲಾಖೆಯವರನ್ನು ಕೇಳಿ ತಿಳಿದುಕೊಂಡೆ. ಹಸಿರು ನೀರಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಪಾಚಿ ಇರುತ್ತದೆ. ಬಿಸಿಲಿದ್ದಾಗ ಅದು ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದಲ್ಲಿ ಕೊಳೆಯುವ ವಸ್ತು ಎಲ್ಲ ಸೇರಿ ಆಮ್ಲಜನಕ ಎಳೆದುಕೊಳ್ಳುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚಿನ ಹೊತ್ತಿನಲ್ಲಿ ನೀರಿನಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಮೋಡ ಮುಚ್ಚಿದ ದಿನಗಳಲ್ಲಿ ಹಗಲು ತುಂಬಬೇಕಾದ್ದು ತುಂಬುವುದೇ ಇಲ್ಲ. ಅಂಥ ಹೊತ್ತಿನಲ್ಲಿ ತಿನ್ನದ ಕಾಳು ಹಾಕುತ್ತಾ ಹೋದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದೆ. ಬೆಳಿಗ್ಗೆ ಆರಕ್ಕೆ ಮೀನಿಗೆ ಉಸಿರಾಡುವುದೇ ಕಷ್ಟ, ತಿನ್ನುವುದು ಎಲ್ಲಿಂದ?

ಅವತ್ತಿನಿಂದ ನಮ್ಮ ಟೈಮರ್ ಬದಲಾಗಿದೆ. ಮೊದಲ ಎರಚು ಬೆಳಿಗ್ಗೆ 8:45ಕ್ಕೆ, ನಾನು ಮನೆ ಬಿಡುವ ಮುಂಚೆ. ಆಮೇಲೆ ಹನ್ನೆರಡಕ್ಕೆ, ಮೂರಕ್ಕೆ. ಮೂರೂ ಸೇರಿ ದಿನದ ಪಾಲಿನಲ್ಲಿ ಮೂರನೇ ಎರಡರಷ್ಟು ಮಾತ್ರ. 1,350 ಗ್ರಾಂ ಇದ್ದಾಗ ಯಂತ್ರದಿಂದ 900 ಗ್ರಾಂ, ಒಂದೊಂದು ಸಲ 14 ಸೆಕೆಂಡ್. ಮಿಕ್ಕ 450 ಗ್ರಾಂ ಸಂಜೆ ಕೈಯಲ್ಲಿ, ಅದೂ ಮೀನು ಬಂದರೆ ಮಾತ್ರ. ಮೋಡ ಕವಿದ ದಿನ ಯಂತ್ರ ಬಂದ್. ಪುಷ್ಯ ಮಾಸದ ಚಳಿಯಲ್ಲಿ ಅರ್ಧಕ್ಕರ್ಧ. ಒಂದು ದಿನ ಉಪವಾಸ ಇದ್ದರೆ ಮೀನು ಸಾಯುವುದಿಲ್ಲ. ಜಾಸ್ತಿ ಹಾಕಿದರೆ ಸಾಯುತ್ತದೆ.

ಮಂಕರಿಗೆ ಬದಲಾಗಿ ಒಂದು ಉಪಾಯ ಮಾಡಿಕೊಂಡೆವು. ಎರಡು ಇಂಚಿನ ಪಿವಿಸಿ ಪೈಪಿನಲ್ಲಿ ಎಂಟು ಅಡಿಯ ಚೌಕ ಕಟ್ಟಿ, ನೀರು ಒಳಗೆ ಹೋಗದ ಹಾಗೆ ಅಂಟಿಸಿ, ತೇಲಿಬಿಟ್ಟೆವು. ಕಾಳು ಆ ಚೌಕದೊಳಗೆ ಬೀಳಬೇಕು. ಬಿದ್ದು ಕಾಲು ಗಂಟೆಯ ಮೇಲೂ ಚೌಕದಲ್ಲಿ ಕಾಳು ಇದ್ದರೆ ಮಾರನೇ ದಿನ ಎರಡು ಸೆಕೆಂಡ್ ಇಳಿಸುತ್ತೇನೆ. ಇದಕ್ಕೆ 900 ರೂಪಾಯಿ ಚಿಲ್ಲರೆ ಖರ್ಚಾಯಿತು. ನಿಜ ಹೇಳಬೇಕೆಂದರೆ, ಫೀಡರಿಗೆ ಕೊಟ್ಟ ಹಣಕ್ಕಿಂತ ಈ ಪೈಪಿಗೆ ಕೊಟ್ಟ ಹಣ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಚೌಕ ಮಾಡಲು ಇನ್ನೊಂದು ಕಾರಣ ಗಾಳಿ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ಗೊತ್ತಲ್ಲ. ತೇಲುವ ಕಾಳು ಹಗುರ. ಎರಚಿದ್ದೆಲ್ಲ ಪೂರ್ವದ ದಡಕ್ಕೆ ಹೋಗಿ ಪ್ಲಾಸ್ಟಿಕ್ ಮೇಲೆ ಅಂಟುತ್ತಿತ್ತು. ಕಾಗೆಗಳು, ಮೈನಾಗಳು ಸಾಲಾಗಿ ಕೂತು ತಿನ್ನುತ್ತಿದ್ದವು. ತಟ್ಟೆಯ ವೇಗ ಕಡಿಮೆ ಮಾಡುವ ಗುಂಡಿ ನಮ್ಮ ಫೀಡರಿನಲ್ಲಿ ಇಲ್ಲ. ಇರುವಂಥದ್ದನ್ನೇ ಕೊಳ್ಳಿ. ಸಣ್ಣ ಹೊಂಡಕ್ಕೆ ನಾಲ್ಕೈದು ಮೀಟರ್ ದೂರ ಎರಚುವುದು ಬೇಕಾಗಿಲ್ಲ. ನಾವು ತಟ್ಟೆಯ ಮುಂದೆ ತಗಡಿನ ಒಂದು ಅಡ್ಡ ಕಟ್ಟಿ ಚೌಕದೊಳಗೆ ಬೀಳುವ ಹಾಗೆ ಮಾಡಿಕೊಂಡಿದ್ದೇವೆ.

ನೀರುಕಾಗೆಗಳ ವಿಷಯವೂ ಹೇಳಬೇಕು. ಫೀಡರ್ ಬಂದ ಮೇಲೆ ಮೀನುಗಳು ದಿನವೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಸೇರುತ್ತವೆ. ಇದನ್ನು ನೀರುಕಾಗೆಗಳು ಒಂದೇ ತಿಂಗಳಲ್ಲಿ ಕಲಿತವು. ಹನ್ನೆರಡಾಗುವ ಮುಂಚೆಯೇ ತೆಂಗಿನ ಗರಿ ಮೇಲೆ ಬಂದು ಕೂತಿರುತ್ತಿದ್ದವು. ಕೊನೆಗೆ ಹೊಂಡದ ಮೇಲೆ ಅಡ್ಡಡ್ಡ ನೈಲಾನ್ ದಾರ ಎಳೆದು ಕಟ್ಟಿದೆವು. ಮಿಂಚುಳ್ಳಿ ಮಾತ್ರ ಈಗಲೂ ಬರುತ್ತದೆ. ಅದು ಒಯ್ಯುವುದು ಸಣ್ಣ ಮರಿ, ಒಂದೋ ಎರಡೋ. ಒಯ್ಯಲಿ ಬಿಡಿ.

ಮಳೆಗಾಲದ ತೊಂದರೆ ಬೇರೆ. ಡ್ರಮ್ಮಿನ ಮುಚ್ಚಳ ಗಟ್ಟಿ ಇದ್ದರೂ ತೇವ ಕೆಳಗಿನ ಬಾಯಿಂದ ಒಳಗೆ ಏರುತ್ತದೆ. ಎರಡನೇ ವರ್ಷ ಒಂದು ಸಲ ಕಾಳು ಮುದ್ದೆಯಾಗಿ ಬಾಯಿ ಕಟ್ಟಿಕೊಂಡಿತು. ಮೋಟಾರ್ ಓಡುತ್ತಿದೆ, ಟೈಮರಿನಲ್ಲಿ ಎಲ್ಲ ಸರಿ ಇದೆ, ತಟ್ಟೆಗೆ ಒಂದು ಕಾಳೂ ಬೀಳುತ್ತಿಲ್ಲ. ಎರಡು ದಿನ ನನಗೆ ಗೊತ್ತೇ ಆಗಲಿಲ್ಲ. ಕೆರೆದು ತೆಗೆದಾಗ ಒಳಗೆ ಹಸಿರು ಬೂಸ್ಟು. ಬೂಸ್ಟು ಹಿಡಿದದ್ದನ್ನು ಒಣಗಿಸಿ ಮತ್ತೆ ಹಾಕಬೇಡಿ, ಅದರ ವಿಷ ಒಣಗಿಸಿದರೂ ಹೋಗುವುದಿಲ್ಲ. ಆರು ಕೆಜಿ ಹೊರಗೆ ಎಸೆದೆವು. ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರು ದಿನಕ್ಕೆ ಬೇಕಾದಷ್ಟೇ ತುಂಬುತ್ತೇನೆ. 20 ಕೆಜಿ ಹಿಡಿಯುತ್ತದೆ ಅಂತ 20 ಕೆಜಿ ತುಂಬಲು ಬೇಸಿಗೆಯಲ್ಲಿ ಮಾತ್ರ ಆಗುವುದು.

ಇರುವೆಗೆ ಸುಲಭ ಮದ್ದು ಇದೆ. ಫೀಡರಿನ ನಾಲ್ಕು ಕಾಲನ್ನೂ ನೀರು ತುಂಬಿದ ಡಬ್ಬಿಯಲ್ಲಿ ಇಟ್ಟರೆ ಸಾಕು. ಅಳಿಲು ಒಂದು ಸಲ ವೈರ್ ಕಡಿಯಿತು. ಆಮೇಲೆ ವೈರನ್ನು ಪೈಪಿನೊಳಗೆ ಹಾಯಿಸಿದೆವು.

ವಿದ್ಯುತ್ ಭಾಗ ನನಗೆ ಅಷ್ಟು ಸಮಾಧಾನ ತಂದಿಲ್ಲ. ಪ್ಯಾನೆಲ್ ಮೇಲೆ ಮಧ್ಯಾಹ್ನ ತೆಂಗಿನ ಗರಿಯ ನೆರಳು ಬೀಳುತ್ತಿತ್ತು. ಒಂದು ಮೂಲೆಗೆ ನೆರಳು ಬಿದ್ದರೂ ಚಾರ್ಜ್ ತುಂಬಾ ಇಳಿದುಬಿಡುತ್ತದೆ. ಜಾಗ ಬದಲಾಯಿಸುವಷ್ಟರಲ್ಲಿ ಬ್ಯಾಟರಿ ಸೊರಗಿತ್ತು. 14 ತಿಂಗಳಿಗೆ ಹೊಸದು ಹಾಕಿಸಬೇಕಾಯಿತು. ಬ್ಯಾಟರಿ ಪೂರ್ತಿ ಇಳಿದ ದಿನ ಟೈಮರಿನ ಗಡಿಯಾರವೂ ಹಾಳಾಯಿತು. ಮತ್ತೆ ಕರೆಂಟ್ ಸಿಕ್ಕಿದಾಗ ಅದು ರಾತ್ರಿ ಹನ್ನೆರಡು ಗಂಟೆ ಎಂದುಕೊಂಡು ಅಲ್ಲಿಂದ ಎಣಿಸಲು ಶುರು ಮಾಡಿತು. ಹಾಗಾಗಿ ಹಗಲಿನ ಕಾಳನ್ನು ರಾತ್ರಿ ಎರಚಿತು. ಟೈಮರಿಗೆ ಬೇರೆ ಸಣ್ಣ ಸೆಲ್ಲು ಇದೆಯಾ ಅಂತ ಕೊಳ್ಳುವಾಗಲೇ ಕೇಳಿ. ಇದ್ದರೆ ಈ ಪಾಡು ಇಲ್ಲ.

ಮೋಟಾರ್ ಎರಡನೇ ವರ್ಷದ ಕೊನೆಗೆ ಕೆಟ್ಟಿತು. ಮಾರಿದವರಿಗೆ ಫೋನ್ ಮಾಡಿದೆ. ಮರ್ಯಾದೆಯಾಗಿಯೇ ಮಾತಾಡಿದರು. ಆದರೆ ಬಿಡಿಭಾಗ ಬರಲು 19 ದಿನ ಹಿಡಿಯಿತು. ಅಷ್ಟೂ ದಿನ ಹಳೇ ಮಂಕರಿಯೇ ಗತಿ. ಬಂದ ಮೋಟಾರನ್ನು ನಮ್ಮೂರಿನ ಪಂಪ್‌ಸೆಟ್ ರಿಪೇರಿಯವರು ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟರು. ಹತ್ತಿರದಲ್ಲಿ ರಿಪೇರಿ ಮಾಡುವವರು ಇದ್ದಾರಾ, ಬಿಡಿಭಾಗ ಸಿಗುತ್ತದಾ ಅನ್ನುವುದು ಡ್ರಮ್ಮಿನ ಬಣ್ಣ, ಗಾತ್ರಕ್ಕಿಂತ ಮುಖ್ಯ.

ದುಡ್ಡಿನ ಲೆಕ್ಕ ಕೇಳುತ್ತೀರಲ್ವಾ, ಬಿಡಿಸಿ ಹೇಳುತ್ತೇನೆ. ಫೀಡರ್ ಬರುವ ಮುಂಚಿನ ಬೆಳೆಯಲ್ಲಿ 138 ಕೆಜಿ ಮೀನು ಸಿಕ್ಕಿತ್ತು. ತೌಡು, ಹಿಂಡಿಗೆ ಹತ್ತಿರ 8,000 ರೂಪಾಯಿ ಆಗಿತ್ತು. ಹೊಂಡದ ಏರಿ ಮೇಲೇ ಕೆಜಿಗೆ 160ರಂತೆ ಮಾರುತ್ತೇವೆ. 22,080 ಬಂತು, ಫೀಡ್ ಖರ್ಚು ಕಳೆದು 14,080 ಉಳಿಯಿತು. ಫೀಡರಿನ ಮೊದಲ ಬೆಳೆ, ಅಂದರೆ 2023ರ ಮೇ ತಿಂಗಳಲ್ಲಿ ಹಿಡಿದದ್ದು, 271 ಮೀನು, 196 ಕೆಜಿ. ಒಂದೊಂದು ಮುಕ್ಕಾಲು ಕೆಜಿ ಹತ್ತಿರ. ನೋಡಿ ಹಿಗ್ಗಿದೆ. ಮಾರಿದ್ದು 31,360ಕ್ಕೆ. ಆದರೆ 340 ಕೆಜಿ ಕಾಳು ಮುಗಿದಿತ್ತು, ಅದಕ್ಕೆ 17,000. ಉಳಿದದ್ದು 14,360. ಹಿಂದಿನ ಸಲಕ್ಕಿಂತ ಬರೀ 280 ರೂಪಾಯಿ ಜಾಸ್ತಿ. ಮರಿಯ ಖರ್ಚು ಎರಡೂ ವರ್ಷ ಒಂದೇ, ಅದನ್ನು ಸೇರಿಸಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ಹೊಂಡದಲ್ಲಿ ನೀರು ಅರ್ಧಕ್ಕೆ ನಿಂತಿತು. 200 ಮರಿ ಮಾತ್ರ ಬಿಟ್ಟು, ಫೆಬ್ರವರಿಯಲ್ಲೇ ಹಿಡಿದು ಮುಗಿಸಿದೆವು. ಆ ವರ್ಷವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2024ರಲ್ಲಿ ಮತ್ತೆ 400 ಮರಿ. ಈ ಸಲ ಚೌಕ, ಮೋಡದ ದಿನ ಬಂದ್, ಸಂಜೆ ಕೈ ಎರಚು, ಎಲ್ಲ ರೂಢಿಯಾಗಿತ್ತು. 290 ಕೆಜಿ ಕಾಳಿಗೆ 188 ಕೆಜಿ ಮೀನು ಬಂತು. 30,080ರಲ್ಲಿ 14,500 ಕಳೆದು 15,580 ಉಳಿಯಿತು. ಮೀನು ಎಂಟು ಕೆಜಿ ಕಡಿಮೆ, ಉಳಿತಾಯ ಜಾಸ್ತಿ. ಅಂಗಡಿಯವರು ಹೇಳಿದ ಹಾಗೆ ಆರು ತಿಂಗಳಲ್ಲಿ ಫೀಡರಿನ ದುಡ್ಡು ವಾಪಸ್ ಬರುವುದು ನಮ್ಮ ಅಳತೆಯ ಹೊಂಡದಲ್ಲಿ ಆಗದ ಮಾತು. ಮೂರು ವರ್ಷಕ್ಕೂ ಬಂದಿಲ್ಲ.

ಹಾಗಾದರೆ ತಂದದ್ದು ತಪ್ಪಾ? ನನಗೆ ಹಾಗೆ ಅನ್ನಿಸುವುದಿಲ್ಲ. ಹನ್ನೆರಡು ಗಂಟೆಗೆ ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುವಾಗ ಇಲ್ಲಿ ಮೀನಿಗೂ ಊಟ ಬೀಳುತ್ತದೆ. ಅತ್ತೆ ಜಾರುವ ಪ್ಲಾಸ್ಟಿಕ್ ಹತ್ತಿರ ದಿನವೂ ಮಂಕರಿ ಎಳೆಯುವುದು ತಪ್ಪಿತು. ಕೃಷಿಹೊಂಡಕ್ಕೆ ಜಾರಿ ಬಿದ್ದವರ ಸುದ್ದಿ ಪ್ರತಿ ವರ್ಷ ಓದುತ್ತೇವೆ. ನಮ್ಮ ಹೊಂಡಕ್ಕೆ ಸುತ್ತ ತಂತಿಬೇಲಿ ಇದೆ, ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಮತ್ತು ಟ್ಯೂಬು ಇಳಿಬಿಟ್ಟಿದ್ದೇವೆ. ಆದರೂ ವಯಸ್ಸಾದವರು ಅಂಚಿಗೆ ಹೋಗುವುದು ಕಡಿಮೆಯಾದಷ್ಟೂ ನನಗೆ ನೆಮ್ಮದಿ. ಇನ್ನೊಂದು ಲಾಭ, ಮೀನುಗಳ ಗಾತ್ರ ಹೆಚ್ಚೂಕಡಿಮೆ ಒಂದೇ ಸಮ ಬರುತ್ತಿದೆ. ಮೊದಲು ಒಂದೇ ಸಲ ಉಂಡೆ ಇಳಿಸಿದಾಗ ದೊಡ್ಡವು ತಿಂದು ಚಿಕ್ಕವು ಹಾಗೇ ಉಳಿಯುತ್ತಿದ್ದವು. ಈಗ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಬೀಳುವುದರಿಂದ ಚಿಕ್ಕವಕ್ಕೂ ಸಿಗುತ್ತದೆ.

ಮನೆಯಲ್ಲಿ ಹಗಲು ಯಾರಾದರೂ ಇರುತ್ತಾರೆ, ಹೊಂಡ ನಮ್ಮದರಷ್ಟೇ ಅಥವಾ ಇನ್ನೂ ಚಿಕ್ಕದು ಅನ್ನುವವರು ಫೀಡರ್ ತರಬೇಡಿ. ಮಂಕರಿಯೇ ಚೆನ್ನ. ಕೆಲಸಕ್ಕೆ ಹೋಗುವವರು, ಆದರೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ನೋಡಲು ಆಗುವವರು ತರಬಹುದು. ವಾರಕ್ಕೊಮ್ಮೆ ಊರಿಗೆ ಬಂದು ಹೋಗುವವರು, ಬೆಂಗಳೂರಿನಲ್ಲಿದ್ದು ತೋಟ ಮಾಡಿಸುವವರು, ದಯವಿಟ್ಟು ಇದನ್ನೇ ನಂಬಿ ಮೀನು ಬಿಡಬೇಡಿ. ಮೋಡ ಕವಿದ ದಿನ ವೈರ್ ಕೀಳಲು ಅಲ್ಲಿ ಒಬ್ಬರು ಬೇಕೇ ಬೇಕು.

ಸಂಜೆಯ ಎರಚು ಈಗ ಅತ್ತೆಯ ಪಾಲು. ಬೇಲಿಯ ಗೇಟಿನ ಪಕ್ಕ ಒಂದು ಕುರ್ಚಿ ಹಾಕಿಕೊಟ್ಟಿದ್ದೇನೆ. ಚೌಕವನ್ನು ಹಗ್ಗದಿಂದ ಆ ಕಡೆಗೆ ಎಳೆದು ಕಟ್ಟುತ್ತೇನೆ. ಐದೂವರೆಗೆ ಅವರು ಕೂತು ಒಂದು ಹಿಡಿ ಎಸೆಯುತ್ತಾರೆ, ಕಾಯುತ್ತಾರೆ, ಇನ್ನೊಂದು ಹಿಡಿ ಎಸೆಯುತ್ತಾರೆ. ನಿನ್ನೆ ಮೂರನೇ ಹಿಡಿಗೇ ಡಬ್ಬಿ ಮುಚ್ಚಿ "ಸಾಕು, ಇವತ್ತು ಬರ್ತಾ ಇಲ್ಲ" ಅಂದರು. ನಾನು ಇವತ್ತು ಟೈಮರಿನಲ್ಲಿ ಎರಡು ಸೆಕೆಂಡ್ ಇಳಿಸಿದೆ.